ಬತ್ತಿ ಹಿಡಿದ ಅಮ್ಮ

ಹೊಸ ಕ್ಯಾಲೆಂಡರ್ ಬಂದ ಕೂಡಲೇ ಶಾಲೆಯ ಮಾಸ್ತರರ, ಅಕ್ಕೋರುಗಳ ಕಣ್ಣು ಹೋಗುವುದು ಕೆಂಪು ಅಂಕಿಗಳ ಮೇಲೆ. ಕಪ್ಪು ಅಂಕಿಗಳನ್ನು ಅಚ್ಚು ಹಾಕುವುದೇ ಕೆಂಪಿನ ನಡುವೆ ಸ್ವಲ್ಪ ಜಾಗ ಬಿಡಲಿಕ್ಕೆ ಎಂಬುದು ನಮ್ಮ ಸ್ಟಾಫ್ ರೂಮಿನ ನಂಬಿಕೆ. ನಾನು ಕುಮಟೆಯಲ್ಲಿ ಕನ್ನಡ ಕಲಿಸುವ ಅಕ್ಕೋರು. ಮನೆ ಹೊನ್ನಾವರದಲ್ಲಿ. ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಬರುವವಳಾದ್ದರಿಂದ ದೇವರ ಮೇಲೆ ನನಗೆ ಭಕ್ತಿ ಸ್ವಲ್ಪ ಜಾಸ್ತಿಯೇ. ಯಾವ ಧರ್ಮದ ದೇವರಾದರೂ ಅಡ್ಡಿಯಿಲ್ಲ, ಭಾನುವಾರ ಹುಟ್ಟಿರಬಾರದು ಅಷ್ಟೆ.

ನಮ್ಮ ಕರಾವಳಿಯಲ್ಲಿ ಹಬ್ಬಗಳಿಗೆ ಬರಗಾಲವಿಲ್ಲ. ಉಪವಾಸದ ತಿಂಗಳು ಮುಗಿಯುವ ಹೊತ್ತಿಗೆ ಭಟ್ಕಳದಲ್ಲಿ ಚಂದ್ರ ಕಂಡನೇ ಇಲ್ಲವೇ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ನಡೆಯುವ ವಿಚಾರಣೆಯನ್ನು ಕೇಳಿದರೆ, ಇಷ್ಟು ಜನ ಖಗೋಳ ಶಾಸ್ತ್ರಜ್ಞರು ಏಳನೇ ತರಗತಿಗೆ ಪಾಠ ಹೇಳುತ್ತಾ ಕೊಳೆಯುತ್ತಿದ್ದಾರಲ್ಲ ಎಂದು ಹೊಟ್ಟೆ ಉರಿಯುತ್ತದೆ. ಸರ್ಕಾರದ ಪಟ್ಟಿಯಲ್ಲಿ ಹಬ್ಬ ಒಂದು ದಿನ ಬಂದರೆ ಭಟ್ಕಳದ ಚಂದ್ರ ಕೆಲವು ಸಲ ಅದರ ಹಿಂದಿನ ದಿನವೇ ಬಂದುಬಿಡುತ್ತಾನೆ. ಎರಡೂ ದಿನ ರಜೆ ಕೊಡುವುದೇ ನಿಜವಾದ ಸೌಹಾರ್ದ ಎಂದು ಗಟ್ಟಿಯಾಗಿ ವಾದಿಸುವವರು ಹಣೆತುಂಬ ಗಂಧ ಹಚ್ಚಿಕೊಂಡು ಬರುವ ನಮ್ಮ ಲೆಕ್ಕದ ಮಾಸ್ತರರು.

ಮನೆಯ ಮಟ್ಟಿಗೆ ಹಬ್ಬವೆಂದರೆ ಚೌತಿ. ನಮ್ಮದು ಅಮ್ಮ, ಅಣ್ಣ, ಅತ್ತಿಗೆ ಮತ್ತು ನಾನು ಇರುವ ಮನೆ. ಚೌತಿಗೆ ಹಳದೀಪುರದಿಂದ ಚಿಕ್ಕಪ್ಪ ಸಂಸಾರ ಸಮೇತ ಬರುತ್ತಾರೆ, ಉಪದೇಶ ಸಮೇತವೂ ಬರುತ್ತಾರೆ. ಮೋದಕ, ಚಕ್ಕುಲಿ, ಪಂಚಕಜ್ಜಾಯ ಎಲ್ಲ ಅಮ್ಮನ ಕೈಯದ್ದು. ನಸುಕಿನಲ್ಲಿ ಎದ್ದು, ಮಿಂದು, ಒದ್ದೆ ಸೀರೆಯಲ್ಲೇ ಒಲೆಯ ಮುಂದೆ ಕೂತರೆ ನೈವೇದ್ಯ ಮುಗಿಯುವವರೆಗೆ ಏಳುವವಳಲ್ಲ. ಆಮೇಲೆ ಆರತಿ. ಅತ್ತಿಗೆ ತಟ್ಟೆ ಎತ್ತುತ್ತಾಳೆ, ಅವಳಿಂದ ಚಿಕ್ಕಮ್ಮನಿಗೆ, ಚಿಕ್ಕಮ್ಮನಿಂದ ಅವರ ಸೊಸೆಗೆ. ಆಗ ಅಮ್ಮ ಅಡುಗೆಮನೆಯ ಬಾಗಿಲಿನಲ್ಲಿ ನಿಂತು, ಆಗಲೇ ಒಣಗಿರುವ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿರುತ್ತಾಳೆ. ಅಪ್ಪ ತೀರಿಕೊಂಡ ಮೇಲೆ ಅವಳ ಜಾಗ ಅದು. ಅಲ್ಲಿ ನಿಲ್ಲು ಎಂದು ಯಾರೂ ಹೇಳಿದವರಲ್ಲ. ನಮ್ಮ ಮನೆಯಲ್ಲಿ ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ, ನಾವು ಸಂಸ್ಕಾರವಂತರು. ಗಣಪತಿಗೆ ಅಮ್ಮ ಮಾಡಿದ ಮೋದಕ ಆಗುತ್ತದೆ, ಅಮ್ಮ ಆಗುವುದಿಲ್ಲ. ಮದುವೆಯಾಗದೆ ಉಳಿದ ನನ್ನನ್ನು ಯಾವ ಸಾಲಿಗೆ ಸೇರಿಸಬೇಕೆಂದು ಮನೆಯವರಿಗೆ ಇನ್ನೂ ತೀರ್ಮಾನವಾಗದ್ದರಿಂದ ನನ್ನ ಕೈಗೆ ಜಾಗಟೆ ಕೊಟ್ಟು ಬಡಿಯಲು ಹೇಳಿದ್ದಾರೆ.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಸಣ್ಣ ಇಗರ್ಜಿ ಇದೆ. ದೊಡ್ಡ ಇಗರ್ಜಿ ಪೇಟೆಯ ಕಡೆ ಇದೆ, ಅಲ್ಲಿ ಪಾದ್ರಿಯವರ ಮನೆ, ಶಾಲೆ, ಸಭಾಭವನ ಎಲ್ಲ ಉಂಟು. ನಮ್ಮದಕ್ಕೆ ಇರುವುದು ಹಂಚಿನ ಮಾಡು, ಒಂದು ಗಂಟೆ ಮತ್ತು ಸಂತ ಅಂತೋನಿ. ಸಂತರಲ್ಲಿಯೂ ಖಾತೆ ಹಂಚಿಕೆ ಆಗಿರುತ್ತದೆ. ಅಂತೋನಿಯವರಿಗೆ ಸಿಕ್ಕಿದ್ದು ಕಳೆದುಹೋದ ವಸ್ತುಗಳ ಖಾತೆ. ಬೀಗದ ಕೈ ಕಳೆದರೆ, ಉಂಗುರ ಕಳೆದರೆ, ಆಕಳು ಮೇಯಲು ಹೋದದ್ದು ಮರಳದಿದ್ದರೆ ನಮ್ಮ ಬೀದಿಯ ಸಮಸ್ತ ಜಾತಿಯವರೂ ಅವರಿಗೊಂದು ಮೇಣಬತ್ತಿ ಹರಸಿಕೊಳ್ಳುತ್ತಾರೆ. ಹಿಂದೊಮ್ಮೆ ಚಿಕ್ಕಪ್ಪನ ಹಲ್ಲಿನ ಸೆಟ್ಟು ನಮ್ಮ ಮನೆಯಲ್ಲೇ ಕಾಣೆಯಾಗಿತ್ತು. ಎರಡು ದಿನ ಗಂಜಿ ಕುಡಿದ ಚಿಕ್ಕಪ್ಪ ಕೊನೆಗೆ ಯಾರಿಗೂ ತಿಳಿಯದಂತೆ ಅಮ್ಮನ ಕೈಯಲ್ಲಿ ಮೇಣಬತ್ತಿ ಕಳಿಸಿದರು. ಸೆಟ್ಟು ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ಈ ಸಂಗತಿ ಮುಂದೆ ಬೇಕಾಗುತ್ತದೆ, ಮರೆಯಬೇಡಿ.

ಅಂತೋನಿಯವರ ಹಬ್ಬ ಬರುವುದು ಜೂನ್ ತಿಂಗಳಲ್ಲಿ. ಜೂನ್ ಎಂದರೆ ನಮ್ಮಲ್ಲಿ ಮೆರವಣಿಗೆ ಹೊರಟರೆ ಸಂತರು ಶರಾವತಿಗೆ ತೇಲಿಹೋಗುವ ಕಾಲ. ಹಾಗಾಗಿ ನಮ್ಮ ಬೀದಿಯ ಹಿರಿಯರು ಯಾವ ಕಾಲದಲ್ಲೋ ಹಬ್ಬವನ್ನು ಜನವರಿಗೆ ಸಾಗಿಸಿದರು. ಈ ಬಗ್ಗೆ ಸಂತರ ಅಭಿಪ್ರಾಯ ಕೇಳಿದಂತೆ ಕಾಣುವುದಿಲ್ಲ. ಒಂಬತ್ತು ದಿನ ಸಂಜೆ ಪ್ರಾರ್ಥನೆ, ಪ್ರಾರ್ಥನೆಯ ನಂತರ ಬೇಯಿಸಿದ ಕಡಲೆ ಮತ್ತು ಕಾಯಿಚೂರು, ಹತ್ತನೆಯ ದಿನ ಪೂಜೆ, ಬ್ಯಾಂಡು, ಮೆರವಣಿಗೆ. ಇದನ್ನೆಲ್ಲ ವರ್ಷಕ್ಕೊಂದು ಮನೆಯವರು ನಡೆಸಬೇಕು. ಹಬ್ಬದ ಪೂಜೆ ಮುಗಿಯುವಾಗ ಆ ವರ್ಷದ ಯಜಮಾನಿಕೆಯವರು ಉರಿಯುವ ಉದ್ದ ಮೇಣಬತ್ತಿ ಹಿಡಿದು ಪೀಠದ ಮುಂದೆ ನಿಲ್ಲುತ್ತಾರೆ. ಮುಂದಿನ ವರ್ಷ ನಡೆಸುವವರು ಎದ್ದು ಬಂದು ಆ ಬತ್ತಿಯನ್ನು ತೆಗೆದುಕೊಳ್ಳಬೇಕು. ಇದಕ್ಕೆ ಬತ್ತಿ ಹಿಡಿಯುವುದು ಎಂದು ಹೆಸರು. ಹಿಡಿದರೆ ಮುಗಿಯಿತು, ಮುಂದಿನ ವರ್ಷದ ಹಬ್ಬ ಅವರ ತಲೆಯ ಮೇಲೆ.

ನಾನು ಹೇಳಹೊರಟ ವರ್ಷ ನಮ್ಮ ಪಕ್ಕದ ಮನೆಯ ಬಾಯಿ ಯಜಮಾನಿ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುತ್ತೇವೆ. ಇವರು ಹೆಸರಿಗೆ ಬಾಯಿ, ಮಾತು ಬಲು ಕಡಿಮೆ. ಅಮ್ಮನಿಗೂ ಅವರಿಗೂ ನಾನು ಹುಟ್ಟುವ ಮೊದಲಿನ ಸ್ನೇಹ. ಬಾಯಿಯ ಮನೆಯ ಮೀನಿನ ಸಾರು ಬಿಟ್ಟು ಉಳಿದೆಲ್ಲ ನಮ್ಮ ಮನೆಗೆ ಬರುತ್ತದೆ, ನಮ್ಮ ಮನೆಯ ಉಪದೇಶ ಬಿಟ್ಟು ಉಳಿದೆಲ್ಲ ಅವರ ಮನೆಗೆ ಹೋಗುತ್ತದೆ. ಚೌತಿಯ ದಿನ ಬಾಯಿ ನಮ್ಮ ಜಗಲಿಯಲ್ಲಿ ಕೂತು ಆರತಿ ನೋಡಿ ಪ್ರಸಾದ ತೆಗೆದುಕೊಂಡು ಹೋಗುತ್ತಾರೆ. ಅಂತೋನಿಯ ಹಬ್ಬಕ್ಕೆ ಅಮ್ಮ ಹೋಗುತ್ತಾಳೆ, ಜೊತೆಗೆ ನಾನೂ. ಬಾಯಿ ಅವಳಿಗಾಗಿ ಮೊದಲ ಬೆಂಚಿನಲ್ಲಿ ಜಾಗ ಹಿಡಿದಿಟ್ಟಿರುತ್ತಾರೆ.

ಆ ಜನವರಿಯಲ್ಲಿ ಹಬ್ಬದ ಕಮಿಟಿಯವರು ಮೊದಲೇ ಗುಸುಗುಸು ಎಬ್ಬಿಸಿದ್ದರು. ಸಣ್ಣ ಇಗರ್ಜಿಗೆ ಬೇರೆ ಹಬ್ಬ ಎಂತಕ್ಕೆ, ದೊಡ್ಡ ಇಗರ್ಜಿಯ ಹಬ್ಬದಲ್ಲಿ ಸೇರಿಸಿಬಿಟ್ಟರೆ ಎಲ್ಲರಿಗೂ ಅನುಕೂಲ, ಪಾರ್ಕಿಂಗ್ ಕೂಡ ಅಲ್ಲಿಯೇ ಚೆನ್ನಾಗಿದೆ ಎಂದು. ಸ್ವರ್ಗಕ್ಕೂ ಪಾರ್ಕಿಂಗ್ ನೋಡಿಕೊಂಡೇ ಹೋಗುವ ಜನ ಇವರು. ಪೂಜೆ ಮುಗಿಯಿತು. ಬಾಯಿ ಬತ್ತಿ ಹಿಡಿದು ಮುಂದೆ ನಿಂತರು. ಯಾರೂ ಏಳಲಿಲ್ಲ. ಗಂಡಸರು ಮೊಬೈಲಿನಲ್ಲಿ ತುರ್ತಾಗಿ ಏನನ್ನೋ ಓದತೊಡಗಿದರು. ಹೆಂಗಸರು ಮಕ್ಕಳ ಕಾಲರು ಸರಿಮಾಡಿದರು. ಈಚೆಗೆ ವರ್ಗವಾಗಿ ಬಂದ ಎಳೆಯ ಪಾದ್ರಿಯವರು ಒಮ್ಮೆ ಕೆಮ್ಮಿದರು. ಮೇಣ ಕರಗಿ ಬಾಯಿಯ ಬೆರಳಿನ ಮೇಲೆ ಇಳಿಯುತ್ತಿತ್ತು. ಬಾಯಿ ಎರಡು ಹೆಜ್ಜೆ ಮುಂದೆ ಬಂದು, ಮೊದಲ ಬೆಂಚಿನಲ್ಲಿದ್ದ ಅಮ್ಮನ ಕಡೆ ಬತ್ತಿಯನ್ನು ಚಾಚಿದರು.

ದೇವರ ಮುಂದೆ ಯಾರಾದರೂ ಏನಾದರೂ ಚಾಚಿದರೆ ಎರಡೂ ಕೈಯಲ್ಲಿ ತೆಗೆದುಕೊಳ್ಳುವುದು ನಮ್ಮವರ ರೂಢಿ. ಅದು ತೀರ್ಥವೋ, ಹೂವೋ, ಚಂದಾ ರಸೀದಿಯೋ ಎಂದು ಆಮೇಲೆ ನೋಡಿದರಾಯಿತು. ಅಮ್ಮ ಎದ್ದು ಬತ್ತಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಆಮೇಲೆ ಬಲಗೈಯನ್ನು ಉರಿಯ ಮೇಲೆ ಆಡಿಸಿ ಕಣ್ಣಿಗೊತ್ತಿಕೊಂಡಳು. ಆರತಿ ಎಂದ ಮೇಲೆ ಮುಂದಕ್ಕೆ ಹೋಗಬೇಕಲ್ಲ, ಪಕ್ಕದಲ್ಲಿ ಕೂತಿದ್ದ ಕಮಿಟಿಯ ಹಿರಿಯರೊಬ್ಬರ ಎದುರು ಹಿಡಿದಳು. ಅವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅಮ್ಮ ಅವರ ಪಕ್ಕದವರ ಕಡೆ ತಿರುಗಿದಳು. ಅವರೂ ಹಾಗೆಯೇ ಮಾಡಿದರು. ಇಡೀ ಸಾಲಿನಲ್ಲಿ ಕೈ ಇರುವ ಮನುಷ್ಯ ಒಬ್ಬನೂ ಉಳಿಯಲಿಲ್ಲ. ಪಾದ್ರಿಯವರು ಅತ್ತ ಇತ್ತ ನೋಡಿ, ಬೇರೆ ಏನೂ ತೋಚದೆ ಆಮೆನ್ ಎಂದುಬಿಟ್ಟರು.

ಮನೆಗೆ ಬಂದ ಮೇಲೆ ನಾನು ಕೇಳಿದೆ. "ಅಮ್ಮ, ನೀ ಎಂತ ಮಾಡ್ದೆ ಗೊತ್ತಿತ್ತಾ ನಿಂಗೆ?"

"ಬಾಯಿ ಕೊಟ್ರು, ತಕಂಡೆ."

"ಅದು ಮುಂದಿನ ವರ್ಷದ ಹಬ್ಬ ಮಾಡೂಕೆ ಕೊಡೂದು."

ಅಮ್ಮ ಆರಿದ ಬತ್ತಿಯನ್ನು ತಿರುಗಿಸಿ ನೋಡಿದಳು. "ಆತು. ಹಂಗಾರೆ ಮಾಡ್ವ. ದೇವ್ರ ಮುಂದೆ ತಕಂಡದ್ದು ವಾಪಸ್ ಕೊಡೂಕೆ ಆಗ್ತದ್ಯ?" ಎಂದು ಹೇಳಿ ಬತ್ತಿಯನ್ನು ನಮ್ಮ ದೇವರ ಗೂಡಿನಲ್ಲಿ, ಗಣಪತಿಯ ಪಕ್ಕದಲ್ಲಿ ನಿಲ್ಲಿಸಿದಳು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ನಡೆದದ್ದೇ ನಿಜವಾದ ಹಬ್ಬ. ಅತ್ತಿಗೆ ಎರಡು ದಿನ ದೇವರ ಗೂಡಿನ ಕಡೆ ತಲೆ ಹಾಕಲಿಲ್ಲ. ಅಣ್ಣ ಎಲ್ಲರಿಗೂ ಅವರವರು ಹೇಳಿದ್ದೇ ಸರಿ ಎಂದು ಹೇಳಿ ಅಂಗಡಿಗೆ ಹೋದ. ಹಳದೀಪುರದಿಂದ ಚಿಕ್ಕಪ್ಪ ಹಬ್ಬವಿಲ್ಲದೆಯೂ ಬಂದರು. ಜಗಲಿಯಲ್ಲಿ ಕೂತು ಅಮ್ಮನನ್ನು ಕರೆದರು.

"ಅತ್ಗೆ, ಈ ವಯಸ್ಸಲ್ಲಿ ಇದು ನಿಮಗೆ ಎಂತಕ್ಕೆ ಬೇಕಾಗಿತ್ತು? ನಾಳೆ ತಲೆ ಮೇಲೆ ನೀರು ಹಾಕಿ ಅವ್ರ ಜಾತಿಗೆ ಸೇರ್ಸ್ಕಂಡ್ರೆ ನಾವು ಊರಲ್ಲಿ ಮುಖ ತೋರ್ಸೂದು ಹೆಂಗೆ? ನಮ್ಮಲ್ಲಿ ಎಂತ ದೇವ್ರಿಗೆ ಬರಗಾಲ ಅದ್ಯ?"

ಈ ಮಾತನ್ನು ಅವರು ಸಂತ ಅಂತೋನಿ ಹುಡುಕಿಕೊಟ್ಟ ಹಲ್ಲಿನಲ್ಲಿಯೇ ಆಡಿದರು. ಇಷ್ಟು ವರ್ಷ ಅಮ್ಮನನ್ನು ಒಂದು ಬಾಗಿನಕ್ಕೆ, ಒಂದು ಆರತಿಗೆ, ಒಂದು ಮದುವೆಯ ಚಪ್ಪರ ಪೂಜೆಗೆ ಮುಂದೆ ಬಾ ಎಂದು ಕರೆಯದಿದ್ದವರಿಗೆ, ಅವಳು ಬೇರೆ ಕಡೆ ಹೋಗಿಬಿಟ್ಟಾಳೆಂಬ ಚಿಂತೆ ಈಗ ಒಮ್ಮೆಲೇ ಹುಟ್ಟಿಕೊಂಡಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮನೇ ಉತ್ತರ ಕೊಟ್ಟಳು.

"ಬರಗಾಲ ಎಂತ ಇಲ್ಲ. ಅಡಿಗೆಮನೆ ಬಾಗ್ಲಿಂದ ಅರ್ಧ ಕಾಣ್ತ್ರು ನಮ್ ದೇವ್ರು. ಅಲ್ಲಿ ಬೆಂಚ್ ಮೇಲೆ ಕೂತ್ರೆ ಪೂರ್ತಿ ಕಾಣ್ತ್ರು."

ಚಿಕ್ಕಪ್ಪ ಚಹಾ ಕುಡಿದು ಹೋದರು. ಅಮ್ಮ ಅಷ್ಟು ಉದ್ದ ಮಾತನಾಡಿದ್ದನ್ನು ನಾನು ಅಪ್ಪ ಹೋದ ಮೇಲೆ ಕೇಳಿರಲಿಲ್ಲ. ಅಡುಗೆಮನೆಯ ಬಾಗಿಲನ್ನು ಅವಳು ಲೆಕ್ಕಕ್ಕೇ ಇಟ್ಟಿಲ್ಲ, ಒಗ್ಗಿಹೋಗಿದ್ದಾಳೆ ಎಂದು ನಾವೆಲ್ಲ ನಮ್ಮ ಅನುಕೂಲಕ್ಕೆ ತಿಳಿದುಕೊಂಡಿದ್ದೆವು.

ಕಮಿಟಿಯವರದ್ದು ಇನ್ನೊಂದು ಬಗೆಯ ಸಂಕಟ. ತಾವು ಮುಚ್ಚಬೇಕೆಂದಿದ್ದ ಹಬ್ಬವನ್ನು ಹಣೆಯಲ್ಲಿ ಕುಂಕುಮವೂ ಇಲ್ಲದ, ಕೊರಳಲ್ಲಿ ಶಿಲುಬೆಯೂ ಇಲ್ಲದ ಒಬ್ಬ ಹೆಂಗಸು ಹಿಡಿದುಕೊಂಡು ಹೋಗಿದ್ದಳು. ಸಭೆ ಸೇರಿದರು. ಸಭೆಯಲ್ಲಿ ಒಮ್ಮತ ಬಾರದೆ ಮತ್ತೊಂದು ಸಭೆ ಸೇರಿಸಬೇಕೆಂಬ ಒಮ್ಮತಕ್ಕೆ ಬಂದರು. ಕೊನೆಗೆ ಇಬ್ಬರು ಬತ್ತಿಯನ್ನು ಗೌರವಪೂರ್ವಕವಾಗಿ ಹಿಂಪಡೆಯಲು ನಮ್ಮ ಮನೆಗೆ ಬಂದರು. ಅಮ್ಮ ಅವಲಕ್ಕಿ ಕೊಟ್ಟಳು, ಚಹಾ ಕೊಟ್ಟಳು, ಎಳನೀರೂ ಕೊಟ್ಟಳು. ಬತ್ತಿ ಕೊಡಲಿಲ್ಲ. "ನಾ ಅವತ್ತೇ ನಿಮ್ ಮುಂದೆ ಹಿಡ್ದೆ. ನಿಮಗೆ ಕೈ ಇರ್ಲಿಲ್ಲ," ಎಂದಳು. ಬಂದವರಲ್ಲಿ ಒಬ್ಬರು ಬೆನ್ನ ಹಿಂದೆ ಕೈ ಕಟ್ಟಿಕೊಂಡವರೇ. ಅವರು ತಮ್ಮ ಕೈಯನ್ನು ನೋಡಿಕೊಂಡರು. ಅದರಲ್ಲಿ ಎಳನೀರು ಇತ್ತು.

ಸುದ್ದಿ ಹರಡಿದ ಮೇಲೆ ಪತ್ರಿಕೆಯವನೊಬ್ಬ ಬೈಕಿನಲ್ಲಿ ಬಂದ. ಅವನಿಗೆ ಭಾವೈಕ್ಯದ ಬೆಳಕು ಎಂಬ ತಲೆಬರಹ ಆಗಲೇ ಸಿದ್ಧವಿತ್ತು, ಕೆಳಗೆ ಹಾಕಲು ಮನುಷ್ಯರು ಬೇಕಾಗಿದ್ದರು. ಅಮ್ಮ ಮತ್ತು ಬಾಯಿ ಒಟ್ಟಿಗೆ ಬತ್ತಿ ಹಿಡಿಯಬೇಕು, ಭಟ್ಕಳದಿಂದ ಟೋಪಿ ಹಾಕಿದವರೊಬ್ಬರನ್ನು ತಾನೇ ಕರೆತರುತ್ತೇನೆ, ಮೂವರೂ ನಗಬೇಕು ಎಂದ. ಅಮ್ಮ ಅವನಿಗೂ ಅವಲಕ್ಕಿ ಕೊಟ್ಟು, "ಬೆಳಕು ಎಂತ ಮಾರಾಯ, ಮೇಣ ಬಿದ್ದು ಬೆರಳು ಸುಟ್ಟದ್ದು ಅಷ್ಟೆ," ಎಂದಳು. ಅವನು ಅದನ್ನು ಬರೆದುಕೊಳ್ಳಲಿಲ್ಲ.

ದಾರಿ ತೋರಿಸಿದವರು ಪಾದ್ರಿಯವರು. ಬತ್ತಿಯನ್ನು ಯಾರು ಹಿಡಿಯಬೇಕೆಂದು ಎಲ್ಲಿಯೂ ಬರೆದಿಲ್ಲ, ಪೂಜೆ ನಾನು ಮಾಡುತ್ತೇನೆ, ಕಡಲೆ ಯಾರು ಬೇಯಿಸಿದರೂ ಬೇಯುತ್ತದೆ ಎಂದರು. ವಯಸ್ಸು ಚಿಕ್ಕದಾದ್ದರಿಂದ ಅವರಿಗೆ ಸರಳವಾದದ್ದು ಸರಳವಾಗಿಯೇ ಕಾಣುತ್ತಿತ್ತು, ಕಾಲಕ್ರಮೇಣ ಸರಿಹೋದಾರು. ಮುಂದಿನ ಜನವರಿ ಬಂತು. ಅಮ್ಮ ಮತ್ತು ಬಾಯಿ ಸೇರಿ ಇಗರ್ಜಿಗೆ ಸುಣ್ಣ ಹೊಡೆಸಿದರು, ಸಂತರಿಗೆ ಅಬ್ಬಲಿಗೆಯ ಮಾಲೆ ಕಟ್ಟಿದರು. ಒಂಬತ್ತು ಸಂಜೆಯೂ ಕಡಲೆ ನಮ್ಮ ಒಲೆಯಲ್ಲಿ ಬೆಂದಿತು. ಒಂದು ಸಂಜೆ ಅಮ್ಮ ಸುಮ್ಮನಿರಲಾರದೆ ಪಂಚಕಜ್ಜಾಯವನ್ನೂ ಮಾಡಿ ಒಯ್ದಳು. ಪಂಚಕಜ್ಜಾಯ ಕ್ರೈಸ್ತ ಸಂಪ್ರದಾಯಕ್ಕೆ ಹೊಂದುತ್ತದೆಯೇ ಎಂಬ ಗಂಭೀರ ಚರ್ಚೆ ಇಗರ್ಜಿಯ ಅಂಗಳದಲ್ಲಿ ಹುಟ್ಟುವುದರಲ್ಲಿತ್ತು. ಅಷ್ಟರಲ್ಲಿ ಪಾದ್ರಿಯವರು ಎರಡನೇ ಸಲ ಹಾಕಿಸಿಕೊಂಡದ್ದರಿಂದ ಸಂಪ್ರದಾಯ ಅಲ್ಲಿಗೇ ಬಾಯಿ ಮುಚ್ಚಿಕೊಂಡು ತಿಂದಿತು.

ಹಬ್ಬದ ದಿನ ಇಗರ್ಜಿ ಎಂದೂ ಕಾಣದಷ್ಟು ತುಂಬಿತ್ತು. ಅರ್ಧ ಜನ ಭಕ್ತಿಗೆ ಬಂದಿದ್ದರು, ಉಳಿದರ್ಧ ಎಲ್ಲಾದರೂ ಎಡವಟ್ಟಾಗುತ್ತದೆಯೇ ಎಂದು ನೋಡಲು ಬಂದಿದ್ದರು. ಹಿಂದಿನ ಸಾಲಿನಲ್ಲಿ ಚಿಕ್ಕಪ್ಪನೂ ಇದ್ದರು, ಯಾವ ಗುಂಪಿನಲ್ಲಿ ಎಂದು ನಾನು ಕೇಳಲಿಲ್ಲ. ಪೂಜೆ ಮುಗಿಯುವಾಗ ಅಮ್ಮ ಹೊಸ ಬತ್ತಿ ಹಿಡಿದು ಪೀಠದ ಮುಂದೆ ನಿಂತಳು, ಜನರ ಕಡೆ ಮುಖ ಮಾಡಿ. ದೇವರ ಎದುರು ನಾನು ಅವಳನ್ನು ಇಷ್ಟು ವರ್ಷ ಬಾಗಿಲ ಸಂದಿಯಲ್ಲಿ ಪಕ್ಕದಿಂದ ನೋಡಿದ್ದೆ. ಮುಖ ನೋಡಿದ್ದು ಅವತ್ತು. ನಾನು ಹಾಡಿನ ಪುಸ್ತಕವನ್ನು ತಲೆಕೆಳಗಾಗಿ ಹಿಡಿದುಕೊಂಡು ಕೂತಿದ್ದೆ. ಕನ್ನಡ ಅಕ್ಕೋರಿಗೆ ಹೀಗೆಲ್ಲ ಆಗುತ್ತದೆ ಎಂದು ಪಕ್ಕದವರು ಅಂದುಕೊಂಡಿರಬೇಕು.

ಈ ಸಲ ಮೊಬೈಲ್ ಓದುವವರು ಯಾರೂ ಇರಲಿಲ್ಲ. ಪಾದ್ರಿಯವರು ಕೆಮ್ಮುವ ಮೊದಲೇ ಮೂರು ನಾಲ್ಕು ಜನ ಒಮ್ಮೆಲೇ ಎದ್ದು, ಒಬ್ಬರನ್ನೊಬ್ಬರು ಮೊಣಕೈಯಲ್ಲಿ ಸರಿಸುತ್ತ ಮುಂದೆ ಬಂದರು. ಎಲ್ಲರಿಗಿಂತ ಮುಂದಿದ್ದವರು ಕಳೆದ ವರ್ಷ ಕೈ ಇಲ್ಲದಿದ್ದ ಹಿರಿಯರು. ಅವರು ಬತ್ತಿಗೆ ಕೈ ಹಾಕಿದರು. ಅಮ್ಮ ಬಿಡಲಿಲ್ಲ. ಅವರು ಮೆಲ್ಲಗೆ ಎಳೆದರು. ಅಮ್ಮನೂ ಮೆಲ್ಲಗೆ ಹಿಡಿದುಕೊಂಡಳು.  ಅಮ್ಮ ಮೊದಲ ಬೆಂಚಿನಲ್ಲಿದ್ದ ಬಾಯಿಯ ಕಡೆ ನೋಡಿದಳು. ಬಾಯಿ ತಲೆ ಆಡಿಸಿದರು. ಅಮ್ಮ ಬತ್ತಿಯನ್ನು ಕೊಟ್ಟು, ಬರಿಗೈಯನ್ನು ಸೆರಗಿಗೆ ಒರೆಸಿಕೊಂಡಳು.

ಬ್ಯಾಂಡಿನವರು ಹೊರಟ ಮೇಲೆ ಬಾಯಿ ಇಗರ್ಜಿಯ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಬಾಯಿ, ಅಮ್ಮ ಬತ್ತಿ ಹಿಡ್ದದ್ದೋ, ನೀವು ಬತ್ತಿ ಇಟ್ಟದ್ದೋ?"

ಬಾಯಿ ನಕ್ಕರು. ಬತ್ತಿ ಇಡುವುದೆಂದರೆ ನಮ್ಮಲ್ಲಿ ಒಬ್ಬರನ್ನು ಸಿಕ್ಕಿಸಿಹಾಕುವುದು, ಅದು ಅವರಿಗೂ ಗೊತ್ತು. "ನಮ್ಮೋರು ಕೊಟ್ರೆ ತಕಳೂದಿಲ್ಲ ತಂಗಿ. ಬೇರೆಯವ್ರ ಕೈಲಿದ್ರೆ ಕಸ್ಕಳೂಕೆ ಓಡಿ ಬರ್ತ್ರು. ನಾ ಇವ್ರನ್ನ ಚಿಕ್ಕಂದಿಂದ ನೋಡ್ದವ್ಳು."

"ಅದ್ಕೆ ನಮ್ ಅಮ್ಮನೇ ಆಗ್ಬೇಕಿತ್ತಾ?"

 ಬಾಯಿ ತಮ್ಮ ಬೆರಳಿನ ಮೇಲಿದ್ದ ಹಳೆಯ ಸುಟ್ಟ ಕಲೆಯನ್ನು ಉಜ್ಜುತ್ತ ಹೇಳಿದರು. "ನಿಮ್ಮನೆ ಚೌತಿಗೆ ನಾ ಜಗಲಿ ಮೇಲೆ ಕೂರ್ತೆ ಅಲಾ. ಅಲ್ಲಿಂದ ದೇವ್ರು ಅಷ್ಟು ಸರಿ ಕಾಣೂದಿಲ್ಲ. ಅಡಿಗೆಮನೆ ಬಾಗ್ಲು ಸರಿ ಕಾಣ್ತದೆ. ಮುಂದೆ ಬಾ ಅಂದ್ರೆ ಬರೂದಿಲ್ಲ ನಿನ್ ಅಮ್ಮ. ಕೈಗೆ ಕೊಟ್ರೆ ಬೇಡ ಅನ್ನೂದಿಲ್ಲ."

ನಾನು ಆ ಮನೆಯಲ್ಲೇ ಹುಟ್ಟಿ, ಪ್ರತಿ ಚೌತಿಗೆ ಆ ಬಾಗಿಲಿನಿಂದ ಮಾರು ದೂರದಲ್ಲಿ ನಿಂತು ಜಾಗಟೆ ಬಡಿದವಳು. 

ಮಳೆ ಇಳಿಯುವ ಹೊತ್ತಿಗೆ ಚೌತಿ ಬಂತು. ಚಿಕ್ಕಪ್ಪ ಬಂದರು, ಮೋದಕ ಆಯಿತು, ಬಾಯಿ ಜಗಲಿಯಲ್ಲಿ ಬಂದು ಕೂತರು. ಆರತಿ ಶುರುವಾಯಿತು. ನಾನು ಜಾಗಟೆ ಎತ್ತಿಕೊಂಡೆ. ಅತ್ತಿಗೆ ತಟ್ಟೆ ಬೆಳಗಿ ಚಿಕ್ಕಮ್ಮನಿಗೆ ಕೊಡಲು ತಿರುಗಿದಳು. ನಡುವೆ ಅಮ್ಮ ನಿಂತಿದ್ದಳು. ಅಡುಗೆಮನೆಯ ಬಾಗಿಲಿನಿಂದ ಯಾವಾಗ ನಡೆದು ಬಂದಳೋ ಯಾರೂ ನೋಡಿರಲಿಲ್ಲ. ಎರಡೂ ಕೈ ಚಾಚಿದ್ದಳು.

ಅತ್ತಿಗೆ ಅಣ್ಣನ ಮುಖ ನೋಡಿದಳು. ಅಣ್ಣ ಗಣಪತಿಯ ಮುಖ ನೋಡಿದ. ಗಣಪತಿ ಎಂದಿನಂತೆ ಯಾವ ಪಕ್ಷವನ್ನೂ ವಹಿಸಲಿಲ್ಲ. ಚಿಕ್ಕಪ್ಪ ಬಾಯಿ ತೆರೆದರು, ಜಗಲಿಯಲ್ಲಿದ್ದ ಬಾಯಿ ಅವರ ಹಲ್ಲನ್ನೇ ದಿಟ್ಟಿಸಿ ನೋಡಿದರು, ಚಿಕ್ಕಪ್ಪ ಬಾಯಿ ಮುಚ್ಚಿದರು.

"ಕೊಡು," ಎಂದಳು ಅಮ್ಮ. "ಬತ್ತಿ ಹಿಡ್ದು ಅಭ್ಯಾಸ ಅದೆ ನಂಗೆ."

ಅತ್ತಿಗೆ ಕೊಟ್ಟಳು. ಅಮ್ಮ ತಟ್ಟೆ ಎತ್ತಿದಳು. ಒಂದು ಸುತ್ತು ಬೆಳಗಿ, ಏನೋ ಕಡಿಮೆಯಾಗಿದೆ ಅನ್ನಿಸಿ ನನ್ನ ಕಡೆ ತಿರುಗಿದಳು. ನನ್ನ ಕೈ ಯಾವಾಗಲೋ ನಿಂತುಹೋಗಿತ್ತು.

"ನೀ ಎಂತಕ್ಕೆ ನಿಲ್ಸ್ದೆ? ಬಡಿ."

ಬಡಿದೆ.